ಕ್ಯಾಡ್ ಬದಲಿಸುವಾಗ ಹಳೆ ಪ್ರಿಂಟು ಕೈಯಲ್ಲಿರಲಿ

(ಕಲಬುರಗಿಯಲ್ಲಿ ಡ್ರಾಫ್ಟ್ಸ್‌ಮನ್ ಗೆಳೆಯರು ಮತ್ತು ಐಟಿಐ, ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ. ಕ್ಯಾಡ್ ಎಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರು, ನಾವು ಪ್ಯಾಕೇಜು ಎನ್ನುವುದೂ ಅದನ್ನೇ. ಆಟೋಕ್ಯಾಡ್ ಅಂಥದೊಂದು.)

ಒಳಗೆ ಬರುವಾಗ ಮೆಟ್ಟಿಲ ಹತ್ತಿರ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿ ಕೇಳಿದ. "ಸರ, ಆಟೋಕ್ಯಾಡ್ ಬಿಟ್ಟು ಬ್ಯಾರೇದಕ್ಕ ಹೋದ್ರ ನಡೀತದೇನ್ರಿ? ನಡುವ ಕೆಲಸ ನಿಂತ್ರ ಏನ್ ಮಾಡೋದ್ರಿ?" ಇಲ್ಲಿ ಕೂತವರಲ್ಲಿ ಸ್ವಂತ ಆಫೀಸು ಇಟ್ಟುಕೊಂಡ ಎಲ್ಲರ ಚಿಂತೆಯೂ ಅವನ ಎರಡನೇ ಪ್ರಶ್ನೆಯಲ್ಲಿದೆ. ಇವತ್ತು ನಾನು ಸಿದ್ಧ ಮಾಡಿಕೊಂಡು ಬಂದ ಮಾತು ಬೇರೆ ಇತ್ತು. ಅದನ್ನು ಬದಿಗಿಟ್ಟು ಆ ಹುಡುಗನಿಗೇ ಉತ್ತರ ಹೇಳುತ್ತೇನೆ.

ನಡೆಯುತ್ತದೆ. ನನ್ನ ಆಫೀಸಿನಲ್ಲಿ ನಡೆದಿದೆ. ಆದರೆ ನಾನು ಹೆದರಿದ್ದ ಜಾಗದಲ್ಲಿ ತೊಂದರೆ ಬರಲಿಲ್ಲ. ನಿಶ್ಚಿಂತೆಯಿಂದ ಇದ್ದ ಜಾಗದಲ್ಲಿ ಬಂತು.

ನಾನು ಬೋರ್ಡಿನ ಮೇಲೆ ಕಲಿತವನು. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದಾಗ ಟ್ರೇಸಿಂಗ್ ಪೇಪರು, ಇಂಕಿನ ಪೆನ್ನು, ಗೆರೆ ತಪ್ಪಿದರೆ ಕೆರೆಯಲು ಅರ್ಧ ಬ್ಲೇಡು. ಅಮೋನಿಯಾ ಪ್ರಿಂಟಿನ ವಾಸನೆ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಬೋರ್ಡಿನಿಂದ ಆಟೋಕ್ಯಾಡ್ ಆರ್14ಕ್ಕೆ ಬಂದದ್ದು ನನ್ನ ಮೊದಲ ಬದಲಾವಣೆ. ಆಮೇಲೆ ಎರಡು ಸಲ ಪ್ಯಾಕೇಜು ಬದಲಿಸಿದ್ದೇನೆ. ಮೂರೂ ಸಲ ಒಂದೇ ಪಾಠ ಕಲಿತೆ. ಕೈ ಬೇಗ ಒಗ್ಗುತ್ತದೆ, ಹಳೆ ಡ್ರಾಯಿಂಗುಗಳು ಅಷ್ಟು ಬೇಗ ಒಗ್ಗುವುದಿಲ್ಲ.

ಆಟೋಕ್ಯಾಡ್ ಹೊರಬಂದದ್ದು 1982ರ ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದೆಂದರೆ ದೊಡ್ಡ ಕಾರ್ಖಾನೆಗಳ, ದೊಡ್ಡ ಯಂತ್ರಗಳ ಮಾತಾಗಿತ್ತು. ಇದು ಮೇಜಿನ ಮೇಲಿನ ಪಿಸಿಯಲ್ಲಿ ಓಡಿತು. ಅದಕ್ಕೇ ನಮ್ಮ ಊರಿನಂಥ ಊರಿಗೂ ಬಂತು, ಇಬ್ಬರು ಮೂವರು ಸೇರಿ ಆಫೀಸು ತೆರೆಯುವಂತಾಯಿತು. ಇವತ್ತಿಗೂ ನಮ್ಮಲ್ಲಿ "ಕ್ಯಾಡ್ ಬರ್ತದೇನು" ಎಂದು ಕೇಳಿದರೆ ಆಟೋಕ್ಯಾಡ್ ಎಂದೇ ಅರ್ಥ. ಆ ಋಣ ನನಗೂ ಇದೆ, ನನ್ನ ಮಕ್ಕಳ ಓದು ಅದರಲ್ಲೇ ಆಯಿತು.

2016ರಿಂದ ಲೆಕ್ಕ ಬೇರೆಯಾಯಿತು. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸನ್ನು ಆ ವರ್ಷ ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಹೊಸಬರಿಗೆ ಮಾರುವುದನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ಹೈದರಾಬಾದಿನ, ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಅದು ಹೊರೆಯಾಗಲಿಕ್ಕಿಲ್ಲ. ಎರಡು ಕಂಪ್ಯೂಟರಿನ ಆಫೀಸು ನಡೆಸುವವನಿಗೆ, ಮಳೆಗಾಲದಲ್ಲಿ ಮೂರು ತಿಂಗಳು ಕಟ್ಟಡದ ಕೆಲಸವೇ ಕಡಿಮೆಯಾಗುವವನಿಗೆ, ವರ್ಷ ವರ್ಷ ಕಟ್ಟುವುದು ಕಷ್ಟ. ಆದ್ದರಿಂದ ಜನ ಆಚೀಚೆ ನೋಡತೊಡಗಿದರು. ಝಡ್‌ಡಬ್ಲ್ಯೂಕ್ಯಾಡ್, ಜಿಸ್ಟಾರ್‌ಕ್ಯಾಡ್, ಬ್ರಿಕ್ಸ್‌ಕ್ಯಾಡ್, ಡ್ರಾಫ್ಟ್‌ಸೈಟ್ ಹೀಗೆ ಸಾಲು ದೊಡ್ಡದಿದೆ. ಬರೀ ಪ್ಲಾನು, ಎಲಿವೇಶನ್ನು ಬರೆಯುವವರಿಗೆ ಲಿಬ್ರೆಕ್ಯಾಡ್ ಪುಕ್ಕಟೆಯಾಗಿಯೇ ಸಿಗುತ್ತದೆ.

ಕ್ರ್ಯಾಕ್ ಮಾಡಿದ ಕಾಪಿ ಹಾಕಿಕೊಳ್ಳುವ ದಾರಿಯೂ ಇದೆ, ನಮ್ಮಲ್ಲಿ ಅದು ಮುಚ್ಚಿಟ್ಟ ವಿಷಯ ಅಲ್ಲ. ನಾನು ಅದನ್ನು ಬೇಡ ಎನ್ನುತ್ತೇನೆ, ಕಾನೂನಿನ ಹೆದರಿಕೆಯೊಂದೇ ಅದಕ್ಕೆ ಕಾರಣ ಅಲ್ಲ. ನೀವು ಡ್ರಾಯಿಂಗ್ ಇಟ್ಟ ಫೋಲ್ಡರಿನಲ್ಲಿ ಅಕ್ಯಾಡ್ ಡಾಟ್ ವಿಎಲ್‌ಎಕ್ಸ್ ಅಥವಾ ಅಕ್ಯಾಡ್ ಡಾಟ್ ಎಫ್‌ಎಎಸ್ ಎಂಬ ಫೈಲು ಯಾರೂ ಇಡದೇ ಬಂದು ಕೂತದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದು ವೈರಸ್. ಪೆನ್‌ಡ್ರೈವಿನಲ್ಲಿ ಫೋಲ್ಡರ್ ಕಾಪಿ ಮಾಡಿದಾಗ ಜೊತೆಗೇ ಹೋಗಿ, ಇನ್ನೊಬ್ಬರ ಆಫೀಸಿನಲ್ಲಿ ಡ್ರಾಯಿಂಗ್ ತೆರೆದ ಕೂಡಲೇ ಅಲ್ಲೂ ಹರಡುತ್ತದೆ. ಕ್ರ್ಯಾಕ್ ಹಾಕಿದವನಿಗೆ ಅಪ್‌ಡೇಟ್ ಮಾಡಲು ಧೈರ್ಯ ಬರುವುದಿಲ್ಲ, ಆಂಟಿವೈರಸ್ ಬಂದ್ ಮಾಡಿಟ್ಟಿರುತ್ತಾನೆ. ಒಬ್ಬರು ಜೀವಮಾನದ ಉಳಿತಾಯ ಹಾಕಿ ಕಟ್ಟಿಸುವ ಮನೆಯ ಕಾಗದ ನಮ್ಮ ಕೈಯಲ್ಲಿರುತ್ತದೆ. ಅದನ್ನು ಅಂಥ ಯಂತ್ರದಲ್ಲಿ ಇಡಬಾರದು. ಕಡಿಮೆ ಬೆಲೆಯದನ್ನು ನ್ಯಾಯವಾಗಿ ಕೊಂಡು ತಲೆ ಎತ್ತಿ ಕೆಲಸ ಮಾಡೋಣ.

ಈಗ ಎಲ್ಲರೂ ಹೆದರುವ ವಿಷಯ, ಕಮಾಂಡು. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಹೆದರುವಂಥದ್ದು ಕಡಿಮೆ. ನಾನು ಹೇಳಿದ ಆ ಸಾಲಿನ ಮೊದಲ ನಾಲ್ಕು ಪ್ಯಾಕೇಜುಗಳು ಆಟೋಕ್ಯಾಡಿನ ಕೈಬಳಕೆಯನ್ನೇ ಇಟ್ಟುಕೊಂಡಿವೆ. ಎಲ್ ಒತ್ತಿದರೆ ಲೈನು, ಒ ಒತ್ತಿದರೆ ಆಫ್‌ಸೆಟ್ಟು, ಟಿ ಆರ್ ಒತ್ತಿದರೆ ಟ್ರಿಮ್ಮು. ನೀವೇ ಮಾಡಿಕೊಂಡ ಒಳದಾರಿಗಳಿದ್ದರೆ ಅವು ಪಿಜಿಪಿ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಇರುತ್ತವೆ, ನೋಟ್‌ಪ್ಯಾಡಿನಲ್ಲಿ ತೆರೆದು ಆ ಸಾಲುಗಳನ್ನು ಹೊಸದಕ್ಕೆ ಹಾಕಿಕೊಳ್ಳಬಹುದು. ನಮ್ಮ ಆಫೀಸಿನ ಹುಡುಗಿಗೆ ಎರಡು ವಾರ ಸಾಕಾಯಿತು. ಮೂರನೇ ವಾರ ಹಳೆಯದು ಯಾವುದು, ಹೊಸದು ಯಾವುದು ಎಂದು ಎಡಗೈಗೆ ನೆನಪೇ ಇರಲಿಲ್ಲ.

ಮೈಕ್ರೋಸ್ಟೇಶನ್ ಎಂಬ ಇನ್ನೊಂದು ಪ್ಯಾಕೇಜಿನ ಮಾತು ಬೇರೆ. ರಸ್ತೆ, ಸೇತುವೆ ಕೆಲಸದ ಕನ್ಸಲ್ಟೆಂಟ್‌ಗಳು ಅದನ್ನು ಕೇಳುತ್ತಾರೆ. ಅಲ್ಲಿ ಲೇಯರಿಗೆ, ಅಂದರೆ ಡ್ರಾಯಿಂಗಿನ ಪದರಕ್ಕೆ, ಲೆವೆಲ್ ಎನ್ನುತ್ತಾರೆ, ಬ್ಲಾಕಿಗೆ, ಅಂದರೆ ಮತ್ತೆ ಮತ್ತೆ ಬಳಸುವ ಬಾಗಿಲು ಕಿಟಕಿಯಂಥ ಚಿತ್ರಕ್ಕೆ, ಸೆಲ್ ಎನ್ನುತ್ತಾರೆ. ಮೌಸಿನ ಎಡ ಬಟನ್ ಒತ್ತಿ ಕೊಟ್ಟದ್ದನ್ನು ಇನ್ನೊಂದು ಸಲ ಒತ್ತಿ ಒಪ್ಪಬೇಕು, ಬಲ ಬಟನ್ನಿನಿಂದ ಬಿಡಬೇಕು. ಹೆಸರು ಬದಲಾದದ್ದು ಮಾತ್ರ ಅಲ್ಲ, ಕೈಯ ತಾಳವೇ ಬದಲಾಗುತ್ತದೆ. ಅದಕ್ಕೆ ಎರಡು ತಿಂಗಳು ಇಟ್ಟುಕೊಳ್ಳಿ. ರೆವಿಟ್ ಎಂಬ ಪ್ಯಾಕೇಜಿನಲ್ಲಿ ಗೆರೆ ಎಳೆಯುವುದೇ ಇಲ್ಲ, ಗೋಡೆ ನಿಲ್ಲಿಸುತ್ತೇವೆ. ಪ್ಲಾನು, ಸೆಕ್ಷನ್ನು ಅದರಿಂದ ತಾವೇ ಬರುತ್ತವೆ. ಅದು ಇನ್ನೊಂದು ದಿನದ ಮಾತು. ಒಂದು ಎಚ್ಚರಿಕೆ ಮಾತ್ರ: ರೆವಿಟ್ ಫೈಲನ್ನು ಹಿಂದಿನ ವರ್ಷದ ಆವೃತ್ತಿಗೆ ಉಳಿಸಲು ಬರುವುದಿಲ್ಲ. ಯಾರ ಜೊತೆ ಕೆಲಸ ಮಾಡುತ್ತೀರೋ ಅವರ ಹತ್ತಿರ ಯಾವ ವರ್ಷದ್ದಿದೆ ಎಂದು ಕೇಳಿಕೊಂಡೇ ಶುರು ಮಾಡಿ.

ನಿಜವಾದ ವಿಷಯಕ್ಕೆ ಬರುತ್ತೇನೆ. ಆಟೋಕ್ಯಾಡ್ ಡ್ರಾಯಿಂಗ್ ಉಳಿಸುವುದು ಡಿಡಬ್ಲ್ಯೂಜಿ ಎಂಬ ಫೈಲಿನಲ್ಲಿ, ಅಂಥ ನಿಮ್ಮದೊಂದನ್ನು ಕಾಪಿ ಮಾಡಿಕೊಂಡು, ಆ ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅರ್ಥವಾಗದ ಗುರುತುಗಳ ರಾಶಿ ಕಾಣುತ್ತದೆ. ಆದರೆ ಮೊಟ್ಟಮೊದಲ ಆರು ಅಕ್ಷರ ಓದಲು ಬರುತ್ತವೆ. ಎಸಿ1015 ಎಂದಿದ್ದರೆ ಅದು ಆಟೋಕ್ಯಾಡ್ 2000ದ ರೂಪ. ಎಸಿ1024 ಎಂದರೆ 2010ರದು, ಎಸಿ1027 ಎಂದರೆ 2013ರದು, ಎಸಿ1032 ಎಂದರೆ 2018ರದು. ಬೇರೆ ಆಫೀಸಿನಿಂದ ಬಂದ ಫೈಲು ತೆರೆಯದಿದ್ದರೆ ನಾನು ಮೊದಲು ಮಾಡುವುದು ಇದನ್ನೇ. ಫೈಲು ಕೆಟ್ಟಿದೆಯೋ, ನಮ್ಮ ಪ್ಯಾಕೇಜು ಹಳತೋ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಉಳಿದ ರಾಶಿಯ ಗುಟ್ಟನ್ನು ಆಟೋಡೆಸ್ಕ್ ಹೊರಗೆ ಬಿಟ್ಟಿಲ್ಲ. 1998ರಲ್ಲಿ ಕೆಲವು ಕಂಪನಿಗಳು ಕೂಡಿ ಓಪನ್ ಡಿಡಬ್ಲ್ಯೂಜಿ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿ, ಆ ಫೈಲನ್ನು ಹೊರಗಿನಿಂದ ಬಿಡಿಸಿ ಓದುವ, ಬರೆಯುವ ಕೆಲಸ ಹಿಡಿದವು. ಈಗ ಅದಕ್ಕೆ ಓಪನ್ ಡಿಸೈನ್ ಅಲಯನ್ಸ್ ಎಂದು ಹೆಸರು. ಆಟೋಕ್ಯಾಡಿನ ಹೊರಗೆ ನಾವು ಡಿಡಬ್ಲ್ಯೂಜಿ ತೆರೆಯಲು ಬರುತ್ತಿರುವುದರ ಹಿಂದೆ ಬಹಳಷ್ಟು ಕಡೆ ಅವರ ದುಡಿಮೆ ಇದೆ. ಗೆರೆ, ಕಂಸ, ವೃತ್ತ, ಲೇಯರು, ಬ್ಲಾಕು ಇವೆಲ್ಲ ಹೆಚ್ಚು ಕಡಿಮೆ ಸುರಕ್ಷಿತವಾಗಿ ಬರುತ್ತವೆ. ಎಳೆದು ಅಳತೆ ಬದಲಿಸಲು ಬರುವ ಡೈನಮಿಕ್ ಬ್ಲಾಕಿನ ಹಿಡಿಕೆಗಳು ಕೆಲವು ಪ್ಯಾಕೇಜಿನಲ್ಲಿ ಸತ್ತು, ಬಾಗಿಲು ಇದ್ದ ಅಳತೆಯಲ್ಲೇ ನಿಲ್ಲುತ್ತದೆ. ಸಿವಿಲ್ 3ಡಿ ಎಂಬ ಪ್ಯಾಕೇಜಿನಲ್ಲಿ ಮಾಡಿದ ರಸ್ತೆಯ ವಸ್ತುಗಳು ಮುಟ್ಟಲಾಗದ ಚಿತ್ರವಾಗಿ ಕಾಣುತ್ತವೆ, ಇಲ್ಲವೇ ಕಾಣುವುದೇ ಇಲ್ಲ. ಅಂಥ ಫೈಲು ಕಳಿಸುವವರಿಗೆ, ಸಾದಾ ಆಟೋಕ್ಯಾಡ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ ಕಳಿಸಿ ಎಂದು ಮೊದಲೇ ಹೇಳಬೇಕು.

ನನಗೆ ಪೆಟ್ಟು ಬಿದ್ದದ್ದು ಅಕ್ಷರಗಳಿಂದ.

ಸೇಡಂ ರಸ್ತೆಯ ಕಡೆ ಒಂದು ಮನೆ. ಸ್ಲ್ಯಾಬಿನ ಡಿಟೇಲು ಬೇರೆ ಊರಿನ ಒಬ್ಬ ಸ್ಟ್ರಕ್ಚರಲ್ ಕನ್ಸಲ್ಟೆಂಟರಿಂದ ಬಂದಿತ್ತು. ಅವರು ತಮ್ಮದೇ ಎಸ್‌ಎಚ್‌ಎಕ್ಸ್ ಫಾಂಟು (ಆಟೋಕ್ಯಾಡಿನದೇ ಬಗೆಯ ಅಕ್ಷರದ ಫೈಲು) ಮಾಡಿಕೊಂಡಿದ್ದರು, ಅದರಲ್ಲಿ ಒಂದು ಅಕ್ಷರದ ಜಾಗದಲ್ಲಿ ಸರಳಿನ ವ್ಯಾಸದ ಗುರುತು ಇತ್ತು. ಹಳೆ ಕಂಪ್ಯೂಟರಿನಲ್ಲಿ ಆ ಫಾಂಟನ್ನು ಎಂದೋ ಹಾಕಿಕೊಂಡಿದ್ದೆ, ಮರೆತೂ ಹೋಗಿತ್ತು. ಹೊಸ ಪ್ಯಾಕೇಜು ಹಾಕಿದ ವಾರವೇ ಆ ಡ್ರಾಯಿಂಗ್ ತೆರೆದೆ. ಯಾವುದೋ ಫಾಂಟು ಸಿಗುತ್ತಿಲ್ಲ ಎಂದು ಒಂದು ಕಿಟಕಿ ಬಂತು. ಓಕೆ ಒತ್ತಿದೆ. ಗೆರೆಗಳೆಲ್ಲ ಸರಿಯಾಗಿಯೇ ಕಂಡವು, ಎರಡು ಪ್ರಿಂಟು ತೆಗೆದು ಸೈಟಿಗೆ ಕಳಿಸಿದೆ.

ಮರುದಿನ ಬೆಳಗ್ಗೆ ಸರಳು ಕಡಿದು ಕಟ್ಟುವ ಬಾರ್ ಬೆಂಡರ್ ಫೋನು. "ಸರ, ಎಂಟರ ಮುಂದ ಪ್ರಶ್ನಾರ್ಥಕ ಚಿಹ್ನೆ ಅದರಿ. ಹತ್ತರ ಮುಂದನೂ ಅದ. ಅದರ ಮುಂದ ನೂರಾ ಐವತ್ತರ ಕೊನೀ ಸೊನ್ನಿ ಮ್ಯಾಲ ಗೆರಿ ಹೋಗ್ಯಾದ. ಹದಿನೈದೋ ನೂರೈವತ್ತೋ, ನೀವು ಹೇಳೋತನ ನಾ ರಾಡ್ ಕಡಿಯಂಗಿಲ್ರಿ."

ಎಂಟು, ಹತ್ತು ಎಂದರೆ ಸರಳಿನ ವ್ಯಾಸ, ನೂರೈವತ್ತು ಎಂದರೆ ಸರಳುಗಳ ನಡುವಿನ ಅಂತರ, ಎಲ್ಲ ಮಿಲಿಮೀಟರಿನಲ್ಲಿ. ಫಾಂಟು ಇಲ್ಲದ್ದರಿಂದ ಪ್ಯಾಕೇಜು ತನ್ನ ಫಾಂಟು ಹಾಕಿತ್ತು. ಆ ಫಾಂಟಿನಲ್ಲಿ ವ್ಯಾಸದ ಗುರುತಿಗೆ ಜಾಗ ಇಲ್ಲ, ಪ್ರಶ್ನಾರ್ಥಕ ಬಂತು. ಅದರ ಅಕ್ಷರ ಅಗಲ, ಆದ್ದರಿಂದ ಸಾಲು ಉದ್ದವಾಗಿ ಬೀಮಿನ ಗೆರೆಯ ಮೇಲೆ ಹೋಗಿ ಕೂತಿತು. ಒಂದು ಗೆರೆಯೂ ಅಳ್ಳಾಡಿರಲಿಲ್ಲ, ಆದರೂ ಡ್ರಾಯಿಂಗ್ ಸುಳ್ಳಾಗಿತ್ತು. ಗಾಡಿ ತೆಗೆದುಕೊಂಡು ಸೈಟಿಗೆ ಹೋಗಿ, ಎರಡೂ ಹಾಳೆಯ ಮೇಲೆ ಪೆನ್ನಿನಿಂದ ಒಂದೊಂದೇ ಸಾಲು ತಿದ್ದಿ ಸಹಿ ಮಾಡಿದೆ. ಆ ಬಾರ್ ಬೆಂಡರ್ ಕೇಳಿದ್ದರಿಂದ ಏನೂ ಆಗಲಿಲ್ಲ. ಅವರು ಕೇಳದೆ ತಮಗೆ ತೋಚಿದಂತೆ ಕಟ್ಟಿದ್ದರೆ ಆ ತಪ್ಪು ಕಾಂಕ್ರೀಟಿನ ಒಳಗೆ ಹೋಗುತ್ತಿತ್ತು. ಅವರ ಮಾತನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ.

ಅಂದಿನಿಂದ ನಮ್ಮ ಆಫೀಸಿನಲ್ಲಿ ಆ ಕಿಟಕಿ ಬಂದರೆ ಯಾರೂ ಓಕೆ ಒತ್ತುವುದಿಲ್ಲ. ಫಾಂಟಿನ ಹೆಸರು ಬರೆದುಕೊಂಡು ಕಳಿಸಿದವರಿಗೆ ಫೋನು ಮಾಡುತ್ತೇವೆ. ಹಳೆ ಕಂಪ್ಯೂಟರು ಮಾರುವ ಮುಂಚೆ ಅದರ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟುಕೊಳ್ಳುತ್ತೇವೆ. ಇ-ಟ್ರಾನ್ಸ್‌ಮಿಟ್ ಎಂಬ ಕಮಾಂಡು ಫಾಂಟು, ಎಕ್ಸ್‌ರೆಫ್ (ಡ್ರಾಯಿಂಗಿಗೆ ಜೋಡಿಸಿದ ಬೇರೆ ಡ್ರಾಯಿಂಗು), ಪ್ರಿಂಟಿನ ಪ್ಲಾಟ್ ಫೈಲು ಎಲ್ಲ ಒಂದೇ ಗಂಟು ಕಟ್ಟಿ ಕೊಡುತ್ತದೆ. ಬೇರೆಯವರಿಗೆ ಕಳಿಸುವಾಗ ಅದನ್ನೇ ಬಳಸಿ. ಫಾಂಟನ್ನು ಗಂಟಿಗೆ ಸೇರಿಸುವ ಗುರುತು ಹಾಕಿದ್ದೀರಾ ಎಂದು ಮಾತ್ರ ನೋಡಿಕೊಳ್ಳಿ.

ಕನ್ನಡ ಅಕ್ಷರದ್ದು ಇನ್ನೂ ಸೂಕ್ಷ್ಮ. ಪಂಚಾಯಿತಿಗೆ ಕೊಡುವ ನಕ್ಷೆಯಲ್ಲಿ ಚಕ್ಕುಬಂದಿ ಕನ್ನಡದಲ್ಲಿ ಬರೆಯುತ್ತೇವೆ, ಪೂರ್ವಕ್ಕೆ ಇಂಥವರ ಹೊಲ, ಉತ್ತರಕ್ಕೆ ರಸ್ತೆ ಎಂದು. ಹಳೆ ಡ್ರಾಯಿಂಗುಗಳಲ್ಲಿ ನುಡಿಯ ಹಳೆಯ ಫಾಂಟು ಇರುತ್ತದೆ. ಅದು ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂಡಿಸಿದ ಫಾಂಟು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಚಕ್ಕುಬಂದಿ ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯೂನಿಕೋಡಿನಲ್ಲಿ ಬರೆದರೆ ಆ ತೊಂದರೆ ಇಲ್ಲ, ಆದರೆ ಎಲ್ಲ ಪ್ಯಾಕೇಜೂ ಒತ್ತಕ್ಷರವನ್ನು ಸರಿಯಾಗಿ ಕಟ್ಟುವುದಿಲ್ಲ. 'ರಸ್ತೆ' ಎಂದು ಬರೆದದ್ದು 'ರಸ್‌ತೆ' ಎಂದು ಬಿಡಿಬಿಡಿಯಾಗಿ ಅಚ್ಚಾದದ್ದನ್ನು ನೋಡಿದ್ದೇನೆ. ಪರದೆಯ ಮೇಲೆ ಸರಿ ಇದ್ದು ಪಿಡಿಎಫ್‌ನಲ್ಲಿ ಒಡೆದದ್ದೂ ಉಂಟು. ಯಾವ ಪ್ಯಾಕೇಜೇ ಕೊಳ್ಳಿ, ಕೊಳ್ಳುವ ಮುಂಚೆ ಟ್ರಯಲ್ ಹಾಕಿಕೊಂಡು 'ಕ್ಷೇತ್ರ', 'ರಸ್ತೆ', 'ದಕ್ಷಿಣ', 'ಉತ್ತರ' ಎಂಬ ನಾಲ್ಕು ಶಬ್ದ ಬರೆದು ಕಾಗದಕ್ಕೆ ತೆಗೆದು ನೋಡಿ. ಕನ್ನಡದಲ್ಲಿ ಕೆಲಸ ಮಾಡುವ ನಾವು ಈ ಮಾತನ್ನು ಮಾರುವವರ ಮುಂದೆ ಗಟ್ಟಿಯಾಗಿ ಕೇಳಬೇಕು. ನಾವು ಕೇಳದಿದ್ದರೆ ಬೇರೆ ಯಾರು ಕೇಳುತ್ತಾರೆ?

ಇನ್ನು ಅಳತೆಯ ಮಾನ. ನಮ್ಮ ಊರಿನಲ್ಲಿ ಮಾಲೀಕ ಬಂದು "30 ಬೈ 40 ಸೈಟ್ ಅದ, ನಕ್ಷಾ ತೆಗೀರಿ" ಎನ್ನುತ್ತಾರೆ. ಅವರ ಲೆಕ್ಕ ಅಡಿಯಲ್ಲಿ. ಮಂಜೂರಾತಿಗೆ ಕೊಡುವಾಗ ಅದು 9.14 ಮೀಟರ್, 12.19 ಮೀಟರ್ ಆಗಬೇಕು. ಹೊಲ ಅಳೆದವರು ಗುಂಟೆಯಲ್ಲಿ ಹೇಳುತ್ತಾರೆ, 33 ಅಡಿಗೆ 33 ಅಡಿ, 1,089 ಚದರಡಿ, ಅಂಥವು ನಲವತ್ತು ಸೇರಿದರೆ ಎಕರೆ. ಇಷ್ಟು ಮಾನಗಳ ನಡುವೆ ನಾವು ದಿನಾ ಓಡಾಡುತ್ತೇವೆ, ತಪ್ಪುವುದಿಲ್ಲ. ಆದರೆ ಫೈಲಿಗೆ ಈ ಜಾಣತನ ಇಲ್ಲ. ಫೈಲಿನಲ್ಲಿ ಇರುವುದು ಬರೀ ಅಂಕಿ. ಅಡಿ-ಅಂಗುಲದ ಪದ್ಧತಿಯಲ್ಲಿ ಬರೆದವನ ಫೈಲಿನಲ್ಲಿ ಒಂದು ಯೂನಿಟ್ ಎಂದರೆ ಒಂದು ಅಂಗುಲ, ಅಂದರೆ 30 ಬೈ 40 ಸೈಟು ಒಳಗೆ 360 ಬೈ 480 ಆಗಿ ಕೂತಿರುತ್ತದೆ. ದಶಮಾಂಶದಲ್ಲಿ ಅಡಿ ಹಾಕಿ ಬರೆದವನ ಫೈಲಿನಲ್ಲಿ ಅದೇ ಸೈಟು 30 ಬೈ 40. ಎರಡೂ ಬಗೆಯ ಫೈಲುಗಳು ನಮ್ಮ ಊರಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿವೆ.

ಆ ಅಂಕಿ ಯಾವ ಮಾನದ್ದು ಎಂದು ಹೇಳುವುದು ಇನ್ಸ್‌ಯೂನಿಟ್ಸ್ ಎಂಬ ಒಂದು ಚೀಟಿ. ಅಲ್ಲಿ 1 ಇದ್ದರೆ ಅಂಗುಲ, 2 ಇದ್ದರೆ ಅಡಿ, 4 ಇದ್ದರೆ ಮಿಲಿಮೀಟರ್, 6 ಇದ್ದರೆ ಮೀಟರ್. ಹೊಸ ಪ್ಯಾಕೇಜಿನ ಖಾಲಿ ಹಾಳೆ ಮಿಲಿಮೀಟರಿನ ಚೀಟಿ ಅಂಟಿಸಿಕೊಂಡೇ ಬಂದಿರಬಹುದು. ಅದರಲ್ಲಿ ನೀವು ಅಂಗುಲದ ಅಂಕಿಗಳನ್ನೇ ಹಾಕಿ ಬರೆದಿರಿ, ಆಮೇಲೆ ಅಂಗುಲದ ಚೀಟಿಯಿರುವ ಹಳೆ ಬ್ಲಾಕು ತಂದಿರಿ ಎಂದರೆ ಅದು 25.4 ಪಟ್ಟು ದೊಡ್ಡದಾಗಿ ಬೀಳುತ್ತದೆ. ಅದು ಕೂಡಲೇ ಕಣ್ಣಿಗೆ ಕಾಣುತ್ತದೆ, ಅಪಾಯ ಇಲ್ಲ. ಅಪಾಯ ಇರುವುದು ಸಣ್ಣ ತಪ್ಪಿನಲ್ಲಿ. ಒಂಬತ್ತು ಇಂಚಿನ ಗೋಡೆ 228.6 ಮಿಲಿಮೀಟರ್. ಒಬ್ಬ 225 ಎಂದು ಹಾಕುತ್ತಾನೆ, ಇನ್ನೊಬ್ಬ 230 ಎಂದು. ಮಾನ ಬದಲಿಸುವಾಗ ಎರಡೂ ಬೆರೆತರೆ ಕೋಣೆಗಳ ಅಳತೆ ಕೂಡಿಸಿದಾಗ ಹೊರಗಿನ ಅಳತೆಗೆ ಕೂಡುವುದಿಲ್ಲ. ಗೌಂಡಿ ಅದನ್ನು ಸೈಟಿನಲ್ಲಿ ಸುಧಾರಿಸಿಕೊಳ್ಳುತ್ತಾನೆ.

ದಾಲ್ ಮಿಲ್ಲಿನಲ್ಲಿ ಸುಧಾರಿಸಿಕೊಳ್ಳಲು ಬರುವುದಿಲ್ಲ. ತೊಗರಿಯ ಊರು ನಮ್ಮದು, ಮಿಲ್ಲಿನ ಲೇಔಟು ಬರೆಯದ ಡ್ರಾಫ್ಟ್ಸ್‌ಮನ್ ಇಲ್ಲಿ ಕಡಿಮೆ. ಷೆಡ್ಡು ನಮ್ಮದು, ಅಡಿಯಲ್ಲಿ. ಮಷೀನಿನ ಡ್ರಾಯಿಂಗ್ ತಯಾರಕರದು, ಮಿಲಿಮೀಟರಿನಲ್ಲಿ. ಒಂದರೊಳಗೆ ಒಂದು ತರುವಾಗ 304.8ರಿಂದ ಭಾಗಿಸಬೇಕು. ಯಾರೋ ಒಬ್ಬರು ಸುಲಭಕ್ಕೆ 300 ಹಿಡಿದು ಸ್ಕೇಲ್ ಮಾಡಿದ ಡ್ರಾಯಿಂಗು ನನ್ನ ಕೈಗೆ ಬಂದಿತ್ತು. ಮಷೀನು ಕೂಡುವ ಎರಡು ಮೀಟರ್ ಉದ್ದದ ತಳದಲ್ಲಿ ಅದು 32 ಮಿಲಿಮೀಟರ್ ಹೆಚ್ಚಾಗುತ್ತದೆ. ಆ ಮಿಲ್ಲಿನ ಸಾವ್ಕಾರ್ರು ಹಾಳೆ ನೋಡಿ ಒಂದೇ ಮಾತು ಹೇಳಿದರು. "ಗ್ವಾಡಿ ಒಂದೀಟು ಆಚೀಚಿ ಆದ್ರ ನಡೀತದ್ರಿ, ಮಷೀನ್ ಕೂಡೋದು ಬೋಲ್ಟಿನ ಮ್ಯಾಲ." ಪ್ಯಾಕೇಜು ಬದಲಿಸಿದ ಮೇಲೆ ಮೊದಲು ಅಳೆಯಬೇಕಾದದ್ದು ಬೋಲ್ಟಿನಿಂದ ಬೋಲ್ಟಿಗೆ ಎಂದು ಅಲ್ಲಿ ಕಲಿತೆ. ಹಳೆಯದರಲ್ಲಿ ಒಂದು ಸಲ, ಹೊಸದರಲ್ಲಿ ಒಂದು ಸಲ ಅಳೆಯಿರಿ. ಡೈಮೆನ್ಶನ್ನಿನಲ್ಲಿ ಬರೆದ ಅಂಕಿ ಓದಿಕೊಂಡು ಸುಮ್ಮನಾಗಬೇಡಿ, ಅದನ್ನು ಯಾರಾದರೂ ಕೈಯಿಂದ ತಿದ್ದಿರಬಹುದು. ಡಿಸ್ಟ್ ಕಮಾಂಡಿನಿಂದ ಅಳೆಯಿರಿ.

ಕಮಾನಿನ ಒಂದು ಮಾತು. ನಮ್ಮ ಕೋಟೆಯ ಜಾಮಿ ಮಸೀದಿ 1367ರದು, ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿ ಮುಚ್ಚಿದ ಮಸೀದಿ. ಅದರ ಕಮಾನುಗಳನ್ನು ಅಳೆದು ಬರೆಯಲು ವಿದ್ಯಾರ್ಥಿಗಳು ಹೋಗುತ್ತಾರೆ. ಒಬ್ಬಳು ಹುಡುಗಿ ಬಹಳ ಶ್ರದ್ಧೆಯಿಂದ ಅಳೆದು ಸ್ಪ್ಲೈನ್ ಎಂಬ ಬಾಗುಗೆರೆಯಲ್ಲಿ ಕಮಾನು ಬರೆದು ತಂದಿದ್ದಳು, ಪರದೆಯ ಮೇಲೆ ನುಣುಪಾಗಿ ಕಾಣುತ್ತಿತ್ತು. ಬೇರೆ ಪ್ಯಾಕೇಜಿಗೆ ಡ್ರಾಯಿಂಗ್ ಸಾಗಿಸುವ ಫೈಲಾದ, ಹಳೆ ಆಟೋಕ್ಯಾಡ್ ಆರ್12ರ ಡಿಎಕ್ಸ್‌ಎಫ್ ಆಗಿ ಉಳಿಸಿದೆವು. ಆ ಹಳೆಯ ರೂಪದಲ್ಲಿ ಸ್ಪ್ಲೈನ್ ಎಂಬುದೇ ಇಲ್ಲ, ಆದ್ದರಿಂದ ಅವಳ ಕಮಾನು ಸಣ್ಣ ಸಣ್ಣ ತುಂಡುಗಳ ಪಾಲಿಲೈನ್ ಆಗಿ ಬಂತು. ಕೂತು ಅದೇ ಕಮಾನನ್ನು ಕೇಂದ್ರ ಹಿಡಿದು ಕಂಸಗಳಲ್ಲಿ ಬರೆದೆವು. ಕಂಸಕ್ಕೆ ಕೇಂದ್ರ ಇದೆ, ತ್ರಿಜ್ಯ ಇದೆ. 1982ರ ಡಿಎಕ್ಸ್‌ಎಫ್ ಆಗಲಿ ಇವತ್ತಿನ ಪ್ಯಾಕೇಜಾಗಲಿ ಅದನ್ನು ಕಂಸವೆಂದೇ ಓದುತ್ತದೆ. ಗೌಂಡಿಯೂ ಗೂಟ ನೆಟ್ಟು ದಾರ ಹಿಡಿದು ಅದನ್ನೇ ಎಳೆಯುತ್ತಾನೆ. ದಾರದಿಂದ ಎಳೆಯಲು ಬರುವಂತೆ ಬರೆದ ಡ್ರಾಯಿಂಗು ಯಾವ ಪ್ಯಾಕೇಜಿಗೆ ಹೋದರೂ ಕೆಡುವುದಿಲ್ಲ, ಇದು ನನ್ನ ಅನುಭವ. ಆ ಹುಡುಗಿ ಆಮೇಲೆ ಪ್ರತಿ ಕಮಾನಿನ ಕೇಂದ್ರಗಳನ್ನೂ ಗುರುತಿಸಿ ಹಾಳೆ ಮಾಡಿ ತಂದಳು. ಅಷ್ಟು ಒಳ್ಳೆಯ ಹಾಳೆ ನಾನು ನೋಡಿದ್ದು ಕಡಿಮೆ.

ಲೇಔಟಿನ ಸರ್ವೆ ಮಾಡುವವರಿಗೆ ಒಂದು ಮಾತು. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಯುಟಿಎಂ ಲೆಕ್ಕದಲ್ಲಿ ನಾವು 43ನೇ ವಲಯದಲ್ಲಿದ್ದೇವೆ. ಇಲ್ಲಿನ ಬಿಂದುಗಳು ಪೂರ್ವಕ್ಕೆ ಏಳು ಲಕ್ಷ ಮೀಟರಿನ ಹತ್ತಿರ, ಉತ್ತರಕ್ಕೆ 19 ಲಕ್ಷ ಮೀಟರ್ ದಾಟಿ ಬರುತ್ತವೆ. ಅಷ್ಟು ದೂರ ಕೂತ ಡ್ರಾಯಿಂಗಿನಲ್ಲಿ ಕೆಲವು ಪ್ಯಾಕೇಜುಗಳು ವೃತ್ತವನ್ನು ಮೂಲೆ ಮೂಲೆಯಾಗಿ ತೋರಿಸುತ್ತವೆ, ಆಕಾರದ ಒಳಗೆ ಹ್ಯಾಚ್ ಎಂಬ ಗೆರೆಗಳನ್ನು ತುಂಬಲು ಒಲ್ಲೆ ಎನ್ನುತ್ತವೆ. ಆಗ ತಾಳ್ಮೆ ಕೆಟ್ಟು ಎಲ್ಲವನ್ನೂ ಎತ್ತಿ ಸೊನ್ನೆಯ ಹತ್ತಿರ ತಂದು ಉಳಿಸಬೇಡಿ. ನೆಲದ ಜೊತೆಗಿನ ನಂಟು ಅಲ್ಲಿಗೆ ಕಡಿದುಹೋಗುತ್ತದೆ. ಮೂಲ ಫೈಲನ್ನು ಮುಟ್ಟದೆ ಇಟ್ಟು, ಸರಿಸಿದ ಕಾಪಿಯಲ್ಲಿ ಒಂದು ಗಡಿಕಲ್ಲಿನ ನಿಜವಾದ ಕೋಆರ್ಡಿನೇಟನ್ನು ಹಾಳೆಯ ಮೇಲೆಯೇ ಬರೆದಿಡಿ.

ಲಿಸ್ಪ್, ಅಂದರೆ ಕ್ಯಾಡಿನ ಒಳಗೆ ಓಡುವ ಸಣ್ಣ ಪ್ರೋಗ್ರಾಮು, ಬಳಸುವವರು ಕೈ ಎತ್ತಿ ಎಂದಾಗ ಬಹಳ ಕೈಗಳು ಎದ್ದವು, ಸಂತೋಷ. ಆಟೋಲಿಸ್ಪ್ 1986ರಿಂದ ಇದೆ. ಆಟೋಕ್ಯಾಡಿನ ಕಡಿಮೆ ಬೆಲೆಯ ರೂಪವಾದ ಎಲ್‌ಟಿಯಲ್ಲಿ ಮಾತ್ರ 2024ರ ಆವೃತ್ತಿ ಬರುವವರೆಗೆ ಅದು ಇರಲಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಸಣ್ಣ ಲಿಸ್ಪ್ ಇದೆ. ನಿವೇಶನದ ಗಡಿಯ ಪಾಲಿಲೈನ್ ಮುಟ್ಟಿದರೆ ಅದರ ಕ್ಷೇತ್ರವನ್ನು 1,089ರಿಂದ ಭಾಗಿಸಿ ಗುಂಟೆಯಲ್ಲೂ ಚದರಡಿಯಲ್ಲೂ ನಡುವೆ ಬರೆಯುತ್ತದೆ. ಅದು ಎಲ್‌ಎಸ್‌ಪಿ ಫೈಲು, ಸಾದಾ ಪಠ್ಯ, ಹೊಸ ಪ್ಯಾಕೇಜಿನಲ್ಲಿ ಒಂದು ಅಕ್ಷರ ತಿದ್ದದೆ ಓಡಿತು. ಇನ್ನೊಂದಿತ್ತು, ಬಾಗಿಲು ಕಿಟಕಿಯ ಷೆಡ್ಯೂಲ್ ಮಾಡಿ ಕೊಡುವುದು. ಬರೆದವರು ಅದನ್ನು ಕಂಪೈಲ್ ಮಾಡಿ ವಿಎಲ್‌ಎಕ್ಸ್ ಆಗಿ ಕೊಟ್ಟಿದ್ದರು, ಮೂಲ ಕೊಟ್ಟಿರಲಿಲ್ಲ, ಅವರು ಊರು ಬಿಟ್ಟು ವರ್ಷಗಳಾಗಿದ್ದವು. ಆ ರೂಪ ನಮ್ಮ ಹೊಸ ಪ್ಯಾಕೇಜಿನಲ್ಲಿ ಓಡಲಿಲ್ಲ. ಎಂಟು ವರ್ಷ ದಿನಾ ಬಳಸಿದ್ದು ಒಂದೇ ಬೆಳಗ್ಗೆ ಕೈಬಿಟ್ಟಿತು, ಹೊಸದಾಗಿ ಬರೆಯಲು ಒಂದು ತಿಂಗಳು ಬೇಕಾಯಿತು. ಯಾರ ಹತ್ತಿರವೇ ಲಿಸ್ಪ್ ಬರೆಸಿ, ಮೂಲ ಕೈಗೆ ಬರುವವರೆಗೆ ಕೆಲಸ ಮುಗಿಯಿತು ಎನ್ನಬೇಡಿ.

ಈಗ ಹೇಗೆ ಬದಲಿಸಬೇಕು ಎಂದು. ಹೊಸ ಕೆಲಸದ ಮೇಲೆ ಹೊಸ ಪ್ಯಾಕೇಜು ಪ್ರಯೋಗಿಸಬೇಡಿ. ಮುಗಿದು, ಕಟ್ಟಿ, ಗೃಹಪ್ರವೇಶವೂ ಆದ ಮೂರು ಕೆಲಸ ಆರಿಸಿಕೊಳ್ಳಿ. ಒಂದು ಸಾದಾ ಮನೆ, ಒಂದು ಸರ್ವೆಯ ಲೇಔಟು, ಇನ್ನೊಂದು ನಿಮ್ಮಲ್ಲಿರುವ ಅತಿ ಗೋಜಲಿನ ಫೈಲು. ಅವುಗಳ ಹಳೆ ಪ್ರಿಂಟು ಕಪಾಟಿನಲ್ಲಿ ಇದ್ದೇ ಇರುತ್ತದೆ. ಅದೇ ಫೈಲನ್ನು ಹೊಸದರಲ್ಲಿ ತೆರೆದು, ಅದೇ ಸಿಟಿಬಿ (ಯಾವ ಬಣ್ಣದ ಗೆರೆ ಎಷ್ಟು ದಪ್ಪ ಎಂದು ಪ್ರಿಂಟಿಗೆ ಹೇಳುವ ಫೈಲು) ಹಾಕಿ, ಅದೇ ಸ್ಕೇಲಿಗೆ ಪ್ರಿಂಟು ತೆಗೆಯಿರಿ. ಆಮೇಲೆ ಎರಡೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ನಮ್ಮ ಬಿಸಿಲಿಗೆ ಬೇರೆ ಟ್ರೇಸಿಂಗ್ ಟೇಬಲ್ ಬೇಕಿಲ್ಲ.

ಏನು ಕಾಣುತ್ತದೆ ಎಂದು ಹೇಳುತ್ತೇನೆ, ನಾನು ಹಿಡಿದು ನೋಡಿದ್ದೇನೆ. ಗೋಡೆಗಳು ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂತವು. ಬೀಮಿನ ಮರೆಗೆರೆ ಹಳೆಯದರಲ್ಲಿ ತುಂಡು ತುಂಡಾಗಿತ್ತು, ಹೊಸದರಲ್ಲಿ ಅಖಂಡ ಗೆರೆ. ಲೈನ್‌ಟೈಪಿನ ಸ್ಕೇಲು ಅಂಗುಲದಿಂದ ಮಿಲಿಮೀಟರಿಗೆ ಹೋದಾಗ ಹಾಗಾಗುತ್ತದೆ. ಆದರೆ ಮೇಲೆ ಬೀಮ್ ಇದೆ ಎಂದು ಗೌಂಡಿಗೆ ಹೇಳುವುದು ಆ ತುಂಡುಗೆರೆಯೇ. ಕೆಂಪು ಗೆರೆ ನಮ್ಮಲ್ಲಿ ತೆಳು, ಹೊಸದರಲ್ಲಿ ದಪ್ಪವಾಗಿ ಬಂದಿತ್ತು, ಯಾಕೆಂದರೆ ಸಿಟಿಬಿ ಫೈಲು ಸಿಗದೆ ಪ್ಯಾಕೇಜು ಬೇರೆ ಯಾವುದೋ ಹಾಕಿಕೊಂಡಿತ್ತು. ಹಳೆ ಪೆನ್ ಪ್ಲಾಟರಿನ ಕಾಲದಲ್ಲಿ ಪ್ರತಿ ಬಣ್ಣಕ್ಕೂ ಒಂದು ಪೆನ್ನು ಇರುತ್ತಿತ್ತು, ಬಣ್ಣದಿಂದ ಗೆರೆಯ ದಪ್ಪ ತಿಳಿಯುವ ಈ ರೂಢಿ ಅಲ್ಲಿಂದ ಬಂದದ್ದು. ಪ್ರತಿ ಆಫೀಸಿಗೆ ಅದರದೇ ಲೆಕ್ಕ ಇರುತ್ತದೆ. ಆ ಲೆಕ್ಕ ನಿಮ್ಮ ತಲೆಯಲ್ಲಿದ್ದರೆ ಇವತ್ತೇ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚಿ. ಮೆಟ್ಟಿಲ ಬಾಣದ ಗುರುತು ಎರಡು ಮಿಲಿಮೀಟರ್ ಸರಿದಿತ್ತು, ಅದು ಫಾಂಟಿನಿಂದ.

ಒಂದೊಂದು ತಪ್ಪಿಗೂ ಪೆನ್ಸಿಲಿನಿಂದ ಸುತ್ತು ಹಾಕಿ, ಕಾರಣ ಹುಡುಕಿ, ಹೊಸ ಪ್ಯಾಕೇಜಿನ ಟೆಂಪ್ಲೇಟಿನಲ್ಲೇ ತಿದ್ದಿ. ನನಗೆ ಮೊದಲ ಹಾಳೆಯಲ್ಲಿ ಹದಿನಾರು ಸುತ್ತು ಬಿದ್ದವು, ಎರಡನೆಯದರಲ್ಲಿ ಐದು. ಮೂರನೆಯ ಹಾಳೆ ಗಾಜಿಗೆ ಹಿಡಿದಾಗ ಹುಡುಕಿದರೂ ಒಂದು ಸಿಗಲಿಲ್ಲ. ಆ ಸಂಜೆ ಹಳೆಯ ಚಂದಾ ಮುಂದುವರಿಸುವುದು ಬೇಡ ಎಂದು ತೀರ್ಮಾನ ಮಾಡಿದೆ.

ಮೆಟ್ಟಿಲ ಹತ್ತಿರ ಕೇಳಿದ ಆ ಹುಡುಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ಮೂರು ಫೈಲು, ಅವುಗಳ ಮೂರು ಹಳೆ ಪ್ರಿಂಟು ತಗೊಂಡು ನಮ್ಮ ಆಫೀಸಿಗೆ ಬಾ. ಪೂರ್ವದ ಕಿಟಕಿಗೆ ಬೆಳಗ್ಗೆ ಹತ್ತೂವರೆವರೆಗೆ ಚಲೋ ಬಿಸಿಲು ಇರ್ತದ.